ಎಡಗೈಯವನ ಚಾಕು

ಕಟ್ಟೆಮಳಲವಾಡಿಯ ಸಣ್ಣಬೀರಯ್ಯ ಹುಣಸೂರಿನ ರೈತ ಸಮಾವೇಶಕ್ಕೆ ಹೋದದ್ದು ಮಂತ್ರಿಗಳ ಭಾಷಣ ಕೇಳುವುದಕ್ಕಲ್ಲ. ಕುರಿಗಳ ಕಾಲುಕೊಳೆಗೆ ಅಲ್ಲಿ ಪುಕ್ಕಟೆ ಔಷಧ ಕೊಡುತ್ತಾರೆಂದು ಯಾರೋ ಹೇಳಿದ್ದರು. ಆಗಸ್ಟ್ ತಿಂಗಳು. ಹದಿನೈದು ದಿನದಿಂದ ಜಡಿಮಳೆ ಬಿಟ್ಟಿರಲಿಲ್ಲ. ಅವನ ಇಪ್ಪತ್ತೆರಡು ಕುರಿಗಳಲ್ಲಿ ಆರು ಕುಂಟತೊಡಗಿದ್ದವು.

ಮೈದಾನದ ಬಾಗಿಲಲ್ಲಿ ಪೊಲೀಸರು ಬರಿಯ ಚೌಕಟ್ಟಿನಂಥ ಒಂದು ಯಂತ್ರ ನಿಲ್ಲಿಸಿದ್ದರು. ಅದರೊಳಗೆ ಹಾದವರಿಗೆಲ್ಲ ಅದು ಕೀರಲು ದನಿಯಲ್ಲಿ ಕೂಗುತ್ತಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಹೀಗೆ ನಾಲ್ಕು ತಾಲ್ಲೂಕಿನ ರೈತರು ಸೇರಿದ್ದರು. ಸೊಂಟದಲ್ಲೋ ಜೇಬಿನಲ್ಲೋ ಒಂದು ಚಾಕು ಇಲ್ಲದೆ ಮನೆಬಿಡುವ ರೈತ ಯಾರಿದ್ದಾನೆ? ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಮೊದಮೊದಲು ಬೈದ, ಆಮೇಲೆ ನಕ್ಕ, ಕೊನೆಗೆ ಸುಸ್ತಾಗಿ ಒಂದು ನೀಲಿ ಪ್ಲಾಸ್ಟಿಕ್ ಟಬ್ಬು ತರಿಸಿ ಸ್ಟೂಲಿನ ಮೇಲಿಟ್ಟ.

"ಎಲ್ಲಾರೂ ಇದರೊಳಗೆ ಹಾಕ್ರಪ್ಪ. ವಾಪಸ್ ಹೋಗುವಾಗ ನಿಮ್ನಿಮ್ದು ತಗೊಂಡು ಹೋಗಿ."

ಸಣ್ಣಬೀರಯ್ಯ ತನ್ನ ಚಾಕನ್ನು ಜೇಬಿನಿಂದ ತೆಗೆದವನು ಟಬ್ಬಿನೊಳಗೆ ಬಗ್ಗಿ ನೋಡಿ ಒಂದು ಗಳಿಗೆ ಹಾಗೆಯೇ ನಿಂತುಬಿಟ್ಟ. ಐವತ್ತು ಅರವತ್ತು ಚಾಕುಗಳಿದ್ದವು. ಬಾಳೆಯ ಕರೆ ಹತ್ತಿ ಕಪ್ಪಾದವು, ಮಸೆದು ಮಸೆದು ಮೀನಿನ ಮುಳ್ಳಿನಷ್ಟು ಸಣ್ಣಗಾದವು, ತುದಿ ಮುರಿದವು. ಒಂದರ ಹಿಡಿಗೆ ತಾಮ್ರದ ತಂತಿ ಬಿಗಿದಿತ್ತು. ಇನ್ನೊಂದರ ಕೀಲು ಹೋಗಿ ಅಲ್ಲಿ ಕೊಡೆಯ ಕಡ್ಡಿಯ ತುಂಡು ಕೂತಿತ್ತು. ಹೊಸದೆನ್ನುವುದು ಹುಡುಕಿದರೂ ಇರಲಿಲ್ಲ. ತನ್ನದನ್ನು ಅವುಗಳ ನಡುವೆ ಇಡುವಾಗ, ಗುರುತಿಲ್ಲದ ಹಿಂಡಿನೊಳಗೆ ಕುರಿ ಬಿಟ್ಟು ಬಂದಷ್ಟು ಅಳುಕಾಯಿತು.

ಮಧ್ಯಾಹ್ನ ಔಷಧದ ಬಾಟಲಿ ಸಿಕ್ಕಿತು. ಭಾಷಣ ಮುಗಿಯುವುದಕ್ಕೂ ಮಳೆ ಧೋ ಎಂದು ಸುರಿಯುವುದಕ್ಕೂ ಸರಿಹೋಯಿತು. ಜನ ಬಾಗಿಲಿಗೆ ಮುಗಿಬಿದ್ದರು. ಟಬ್ಬಿನ ಸುತ್ತ ಹತ್ತು ಕೈ, ಇಪ್ಪತ್ತು ಕೈ. ಸಣ್ಣಬೀರಯ್ಯ ಬೇರೆಯವರ ತೋಳಿನ ಸಂದಿಯಲ್ಲಿ ಕೈ ತೂರಿಸಿ ತಡಕಿದ. ಕೋಣನ ಕೊಂಬಿನ ಹಿಡಿ, ಅದಕ್ಕೆ ಸುತ್ತಿದ ಸೈಕಲ್ ಟ್ಯೂಬು ಕೈಗೆ ಸಿಕ್ಕಿತು. ಜೇಬಿಗೆ ಹಾಕಿಕೊಂಡು ಬಸ್ಸಿಗೆ ಓಡಿದ.

ಮರುದಿನ ಬೆಳಿಗ್ಗೆ ಕುಂಟುವ ಕುರಿಯೊಂದನ್ನು ಕೆಡವಿ, ಅದರ ಕಾಲನ್ನು ತೊಡೆಯ ನಡುವೆ ಅಮುಕಿಕೊಂಡು, ಕೊಳೆತ ಗೊರಸನ್ನು ಕೆತ್ತಲು ಕೂತ. ಆ ಕೆಲಸಕ್ಕೆ ಅವನು ಕಣ್ಣು ಕೊಡಬೇಕಾಗಿರಲಿಲ್ಲ, ಕೈಗೇ ಗೊತ್ತಿತ್ತು. ಆದರೆ ಅವತ್ತು ಅಲಗು ಗೊರಸನ್ನು ಕಚ್ಚದೆ ಮೇಲುಮೇಲೆ ಜಾರಿತು. ಇನ್ನಷ್ಟು ಒತ್ತಿದ. ಅಲಗು ಸರ್ರನೆ ಅಡ್ಡ ತಿರುಗಿ ಕುರಿಯ ಕಾಲು ಹಿಡಿದಿದ್ದ ಅವನ ಎಡಗೈ ಹೆಬ್ಬೆರಳಿಗೆ ಬಂತು.

ರಕ್ತ ಕಂಡ ಹೆಂಡತಿ ರಾಮಮ್ಮ ಅರಿಸಿನ, ಬಟ್ಟೆಚೂರು ತಂದಳು. "ಇಷ್ಟು ವರ್ಸದಲ್ಲಿ ಒಂದ್ ದಿನ ಕುಯ್ಕಂಡಿರ್ಲಿಲ್ಲ. ಕಣ್ಣು ಎಲ್ಲಿತ್ತು?"

"ಇದು ನಂದಲ್ಲ ಕಣೆ," ಅಂದ ಸಣ್ಣಬೀರಯ್ಯ. ಕೈಯ ನೋವಿಗಿಂತ ಅದೇ ಅವನಿಗೆ ದೊಡ್ಡದಾಗಿತ್ತು.

ಕೊಂಬಿನ ಹಿಡಿ ನಿಜ, ಸೈಕಲ್ ಟ್ಯೂಬು ನಿಜ. ಆದರೆ ಅವನ ಚಾಕಿನ ತುದಿ ಗೊರಸಿನ ಸಂದಿ ಕೆದಕಿ ಕೆದಕಿ ಮೊಂಡಾಗಿತ್ತು. ಇದರದ್ದು ಸೂಜಿಯಂತೆ ಚೂಪು. ಅಲಗಿನ ನಡುಭಾಗ ಮಾತ್ರ ಸವೆದು ಒಳಕ್ಕೆ ಬಾಗಿತ್ತು.

"ಓದ್ರೆ ಓಗ್ಲಿ ಬುಡು. ಸಂತೇಲಿ ರಾಸಿ ಆಕ್ಕಂಡು ಮಾರ್ತಾರೆ," ಅಂದಳು ರಾಮಮ್ಮ.

ಮಳೆ ಬಿಟ್ಟ ಮೇಲೆ ಜಗಲಿಯಲ್ಲಿ ಕೂತು ಆ ಚಾಕನ್ನು ತಿರುಗಿಸಿ ಮುರುಗಿಸಿ ನೋಡತೊಡಗಿದ. ಕೀಲಿನ ಸಂದಿಯಲ್ಲಿ ಕಪ್ಪನೆಯ ಅಂಟು ಕೂತಿತ್ತು. ಉಗುರಿನಿಂದ ಕೆರೆದು ಮೂಸಿದ. ಹಸಿ ಹೊಗೆಸೊಪ್ಪಿನ ವಾಸನೆ. ಅಲಗಿನ ನಡುವೆ ಸವೆದದ್ದು ದಾರ ಕತ್ತರಿಸಿ ಇರಬೇಕು. ಸೊಪ್ಪು ಕಟ್ಟುವವರು ದಾರವನ್ನು ಒಂದೇ ಜಾಗಕ್ಕೆ ಸಿಕ್ಕಿಸಿ ಎಳೆಯುವುದನ್ನು ಅವನು ಕಂಡಿದ್ದ. ಮಸೆತವನ್ನು ನೋಡಿದಾಗ ಮಾತ್ರ ಅವನ ಹುಬ್ಬು ಮೇಲೇರಿತು. ಅವನ ಚಾಕಿನ ಬಾಯಿ ಯಾವ ಮಗ್ಗುಲಿಗೆ ಓರೆಯಾಗಿತ್ತೋ ಇದರದ್ದು ಅದಕ್ಕೆ ಎದುರು ಮಗ್ಗುಲಿಗೆ. ಹಿಡಿಯ ಮೇಲೆ ಹೆಬ್ಬೆರಳು ಕೂತು ಕೂತು ಬಿದ್ದ ಗುಳಿಯೂ ಆ ಕಡೆಗೇ. ಚಾಕನ್ನು ಎಡಗೈಗೆ ಬದಲಿಸಿದ. ಗಾಯದ ಬಟ್ಟೆ ಸುತ್ತಿದ ಹೆಬ್ಬೆರಳು ಆ ಗುಳಿಯಲ್ಲಿ ತನ್ನಷ್ಟಕ್ಕೆ ತಾನೇ ಹೋಗಿ ಕೂತಿತು.

"ರೊಡ್ಡ ಕಣೆ ಇವ್ನು," ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ. "ಎಡಗೈಯವನು. ಒಗೆಸೊಪ್ಪಿನೋನು. ಇನ್ನೊಬ್ಬರ ಕೈಗೆ ಕೊಟ್ಟಿಲ್ಲ ಇದ್ನ. ಕೊಟ್ಟಿದ್ರೆ ಇಂಗೆ ಒಂದೇ ಮಗ್ಗುಲಿಗೆ ಸವೀತಿರ್ಲಿಲ್ಲ."

"ಈಗ ಅವ್ನೆಸ್ರು, ಊರೂ ಏಳ್ಬುಡು," ಅಂದಳು ರಾಮಮ್ಮ, ನಗುತ್ತ.

ಅವನು ನಗಲಿಲ್ಲ. ತನ್ನ ಚಾಕು ಈಗ ಆ ಎಡಗೈಯವನ ಹತ್ತಿರ ಇದ್ದರೆ, ಅದು ಅವನ ಬಲಗೈ ಬೆರಳನ್ನು ಕೊಯ್ದಿರುತ್ತದೆ. ಈ ಯೋಚನೆ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ.

ಅಲಗಿನ ಬುಡದಲ್ಲಿ, ಹಿಡಿಯೊಳಗೆ ಸೇರುವ ಕಡೆ, ಮೂರು ಚುಕ್ಕಿಗಳ ಗುರುತಿತ್ತು. ಸಂತೆಯ ದಿನ ಹುಣಸೂರಿಗೆ ಹೋಗಿ ಸಾಣೆ ಹಿಡಿಯುವವನಿಗೆ ತೋರಿಸಿದ. ಅವನು ಕನ್ನಡಕ ಏರಿಸಿ ನೋಡಿ, "ಇದು ಹೊಸ ಅಗ್ರಹಾರದ ಆಚಾರಿಗಳ ಗುರುತು. ಈಗ ಮಾಡೋದು ಬಿಟ್ಟವರೆ," ಅಂದ. ಸಣ್ಣಬೀರಯ್ಯ ಮನೆಗೆ ಹೋಗಲಿಲ್ಲ. ಅಲ್ಲಿಂದಲೇ ಕೆ.ಆರ್. ನಗರದ ಬಸ್ಸು ಹತ್ತಿದ.

ಹೊಸ ಅಗ್ರಹಾರದಲ್ಲಿ ನಾಟಿಯ ಕಾಲ. ಗದ್ದೆಗಳ ತುಂಬ ನಾಲೆಯ ನೀರು ನಿಂತಿತ್ತು. ಜನ ತೋರಿಸಿದ ನಂಜುಂಡಾಚಾರಿಯ ಕುಲುಮೆಯಲ್ಲಿ ಈಗ ತಿದಿ ಇರಲಿಲ್ಲ, ವೆಲ್ಡಿಂಗ್ ಯಂತ್ರವಿತ್ತು. ಟ್ರ್ಯಾಕ್ಟರಿನ ಹಲುಬೆಗೆ ಬೆಸುಗೆ ಹಾಕುತ್ತಿದ್ದ ಆಚಾರಿ ಕೈ ಒರೆಸಿಕೊಂಡು ಚಾಕನ್ನು ತೆಗೆದುಕೊಂಡ. ಬಿಡಿಸಿ, ಮಡಿಸಿ, ಮತ್ತೆ ಬಿಡಿಸಿ ನೋಡಿದ.

"ನಮ್ಮಪ್ಪನ ಕೈಕೆಲ್ಸ ಇದು. ಈ ಕೀಲು ಮಾತ್ರ ನಾನಾಕಿದ್ದು." ಆಚಾರಿ ತಲೆಯೆತ್ತಿದ. "ಹನಗೋಡಿನ ಮಹದೇವಪ್ಪಂದು ಕಣಪ್ಪ ಇದು. ನಮ್ಮೂರಿನ ಅಳಿಯ. ಮದ್ವೆ ಗೊತ್ತಾದ ವರ್ಸ ಇಲ್ಲಿಗೆ ಬಂದಾಗ ತಗೊಂಡಿದ್ದು. ಎಲ್ಲಾ ಎಡಗೈಲೇ ಮಾಡೋನು. ನಿಂಗೆಲ್ಲಿ ಸಿಕ್ತು?"

ಸಣ್ಣಬೀರಯ್ಯ ಸಮಾವೇಶದ ಕಥೆ ಹೇಳಿದ. ಆಚಾರಿಯ ಮುಖ ಬೇರೆಯಾಯಿತು.

"ಮಹದೇವಪ್ಪ ಎಲ್ಲವ್ನೆ? ಹೋದ ವರ್ಸ ಯುಗಾದಿ ಕಳೆದ ಮೇಲೆ ತೀರ್ಕೊಂಡ, ಎದೆ ನೋವು ಅಂತ. ಸಭೆಗೆ ಬಂದಿದ್ದೋಳು ಅವನ ಹೆಂಡ್ತಿ ಸಾಕಮ್ಮ ಇರ್ಬೇಕು. ಸೊಪ್ಪು ಬೇಯ್ಸೋ ಬ್ಯಾರನ್ನು, ಬೇಸಾಯ ಎಲ್ಲ ಈಗ ಅವಳದ್ದೇ."

ಸಣ್ಣಬೀರಯ್ಯ ಕೈಚಾಚಿ ಚಾಕನ್ನು ವಾಪಸು ತೆಗೆದುಕೊಂಡ. ನಾಲ್ಕು ದಿನದಿಂದ ಅವನು ಮನಸ್ಸಿನಲ್ಲೇ ಒಬ್ಬ ಮನುಷ್ಯನ ಜೊತೆ ಮಾತಾಡುತ್ತಿದ್ದ. ಸಿಕ್ಕಿದರೆ 'ನಿನ್ ಚಾಕು ನನ್ ಬೆಳ್ಳು ಕುಯ್ತಲ್ಲೋ ಮಾರಾಯ' ಎಂದು ಗಾಯ ತೋರಿಸಿ ನಗಬೇಕೆಂದುಕೊಂಡಿದ್ದ. ಕಾಣದ ಆ ಮನುಷ್ಯ ಸತ್ತು ಆಗಲೇ ಒಂದೂಕಾಲು ವರ್ಷವಾಗಿತ್ತು.

ಆಚಾರಿ ನಂಬರ್ ಹುಡುಕಿ ಫೋನು ಹಚ್ಚಿ ಕೊಟ್ಟ. ಆ ಕಡೆಯ ಹೆಂಗಸು ಎಲ್ಲ ಕೇಳಿಸಿಕೊಂಡಳು. ಆಮೇಲೆ, "ನಿಮ್ದು ನನ್ನತ್ರನೇ ಅದೆ. ಬನ್ನಿ," ಅಂದಳು. ಅಷ್ಟೇ.

ಹನಗೋಡಿನಲ್ಲಿ ಸಾಕಮ್ಮನ ಮನೆ ಹೊಳೆಯ ದಾರಿಯಲ್ಲಿತ್ತು. ಮನೆಯ ಪಕ್ಕಕ್ಕೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಅದರ ಮುಂದೆ ತಗಡಿನ ಚಪ್ಪರ. ಚಪ್ಪರದಡಿ ನಾಲ್ಕು ಜನ ಹೆಂಗಸರು ಹಸಿ ಎಲೆಗಳನ್ನು ಎರಡೆರಡಾಗಿ ಹಿಡಿದು ಉದ್ದನೆಯ ಕಡ್ಡಿಗೆ ದಾರದಿಂದ ಕಟ್ಟುತ್ತಿದ್ದರು. ಸಾಕಮ್ಮನಿಗೆ ಐವತ್ತೈದರ ಆಸುಪಾಸು. ಗಂಡನದೇ ಇರಬೇಕು, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದಳು. ಅವನನ್ನು ಕಂಡು ಎದ್ದು ಬಂದು ಬೆಂಚು ತೋರಿಸಿ, ಮಜ್ಜಿಗೆ ತಂದುಕೊಟ್ಟಳು.

ಸಣ್ಣಬೀರಯ್ಯ ಚಾಕನ್ನು ಜೇಬಿನಿಂದ ತೆಗೆದು ಬೆಂಚಿನ ಮೇಲಿಟ್ಟ. ಅವಳು ತಟ್ಟನೆ ಕೈಚಾಚಲಿಲ್ಲ. ಅಂಗಿಯ ಜೇಬಿನಿಂದ ಅವನದನ್ನು ತೆಗೆದು ಅದರ ಪಕ್ಕದಲ್ಲಿಟ್ಟಳು. ಎರಡೂ ಒಂದೇ ಅಳತೆ, ಒಂದೇ ಬಣ್ಣ.

"ಅವತ್ತೇ ಗೊತ್ತಾಯ್ತು ನಂಗೆ, ಇದು ನಮ್ದಲ್ಲ ಅಂತ," ಅಂದಳು ಸಾಕಮ್ಮ. "ನಾನು ಬರೋ ಒತ್ಗೆ ಟಬ್ಬಲ್ಲಿ ಇದೊಂದೇ ಇತ್ತು. ಪೊಲೀಸ್ನೋನು 'ತಗೊಳ್ಳಮ್ಮ, ನಿಂದು ತಗೊಂಡೋದೋರು ತಂದ್ಕೊಡ್ತಾರೆ' ಅಂದ. ಬಸ್ಸಲ್ಲಿ ಕೂತು ಅತ್ತೆ. ಅವ್ರು ಇದ್ದಾಗ ಆ ಚಾಕ ಮುಟ್ಟೋಕೂ ಬುಡ್ತಿರ್ಲಿಲ್ಲ. ಸತ್ತ ಮೇಲೆ ಜೋಪಾನ ಮಾಡ್ದೆ, ಇಂಗೆ ಕಳ್ದುಬುಟ್ನಲ್ಲ ಅಂತ."

ಅವಳು ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡಳು. ಚಪ್ಪರದ ಹೆಂಗಸರಿಗೆ ಕೇಳದಂತೆ ದನಿ ತಗ್ಗಿಸಿದಳು.

"ಮಾರ್ನೆ ದಿನ ಸೊಪ್ಪು ಕಟ್ಟೋಕೆ ಕೂತೆ. ಬೇರೆ ಇರ್ಲಿಲ್ಲ, ನಿಮ್ದೇ ತೆಗ್ದೆ. ದಾರ ಒಂದೇ ಏಟ್ಗೆ ತುಂಡಾಯ್ತು ಕಣಣ್ಣ. ಒಂದೂಕಾಲು ವರ್ಸದಿಂದ ಅವ್ರ ಚಾಕಲ್ಲಿ ಎಳ್ದು ಎಳ್ದು ಈ ಮಣಿಕಟ್ಟು ನೋವು ಬಂದಿತ್ತು. ನನ್ ಕೈಲೇ ತಪ್ಪದೆ ಅನ್ಕಂಡಿದ್ದೆ. ಬ್ಯಾರನ್ಗೆ ಬೆಂಕಿ ಆಕೋದು ಕಲ್ತೆ. ಕಾವು ನೋಡೋದು ಕಲ್ತೆ. ಸೊಪ್ಪಿನ ಲೈಸೆನ್ಸು ನನ್ನೆಸ್ರಿಗೆ ಮಾಡುಸ್ಕಂಡೆ. ಅದೊಂದು ಚಾಕು ಮಾತ್ರ ನನ್ ಮಾತು ಕೇಳ್ತಿರ್ಲಿಲ್ಲ. ಅವ್ರು ರೊಡ್ಡ ಅನ್ನೋದು ಗೊತ್ತಿತ್ತು. ಚಾಕೂ ರೊಡ್ಡ ಆಗಿರ್ತದೆ ಅಂತ ಯಾರ್ಗೆ ಗೊತ್ತು?"

ಸಣ್ಣಬೀರಯ್ಯ ಹೂಂಗುಟ್ಟಿದ.

"ಪೊಲೀಸ್ನೋರ್ನ ಕೇಳಿ ನಿಮ್ಮನ್ನ ಉಡುಕ್ಬೋದಿತ್ತು. ಉಡುಕ್ಲಿಲ್ಲ. ಅವ್ರ ಚಾಕು ಓಯ್ತಲ್ಲ ಅಂತ ಅಳ್ತಾನೂ ಇದ್ದೆ, ಇದು ಎಷ್ಟು ಚೆನ್ನಾಗಿ ಕುಯ್ತದೆ ಅಂತ ಕುಸಿನೂ ಪಡ್ತಿದ್ದೆ. ಎಂಥಾ ಎಂಗಸು ನಾನು ಅನ್ನಿಸ್ತು."

'ನೀನೇ ಇಟ್ಕಳವ್ವ' ಎಂಬ ಮಾತು ಸಣ್ಣಬೀರಯ್ಯನ ನಾಲಿಗೆಯ ತುದಿಗೆ ಬಂತು. ಬಂದು ಅಲ್ಲೇ ನಿಂತಿತು. ಮನೆಯಲ್ಲಿ ಆರು ಕುರಿಗಳು ಕುಂಟುತ್ತಿದ್ದವು. ಅದು ನೆಪ ಎಂಬುದೂ ಅವನಿಗೆ ಗೊತ್ತಿತ್ತು. ಇಪ್ಪತ್ತಾರು ವರ್ಷ ಆ ಚಾಕಿನಲ್ಲಿ ಅವನು ಮರಿಗಳ ಹೊಕ್ಕಳಬಳ್ಳಿ ಕೊಯ್ದಿದ್ದ, ಕಾಲಿಗೆ ಹೊಕ್ಕ ಜಾಲಿಮುಳ್ಳು ಕಿತ್ತಿದ್ದ, ರಾಗಿ ಕಂತೆ ಬಿಚ್ಚಿದ್ದ. ಕೊಟ್ಟುಬಿಡಲು ಆಗಲಿಲ್ಲ. ಕೊಡಲಾಗದ್ದಕ್ಕೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಬಾಯಿಗೆ ಬಂದದ್ದು ಇನ್ನೊಂದು ಮಾತು.

"ಮಸೆಯೋ ಕಲ್ಲದಾ? ಇದರ ಬಾಯಿ ಈ ಮಗ್ಗುಲಿಗೆ ತಿರುಗಿಸ್ಕೊಡ್ತೀನಿ. ನಿನ್ ಬಲಗೈಗೆ ಆಗಂಗೆ. ಆದ್ರೆ ಏಳ್ಬುಡ್ತೀನಿ ಕೇಳವ್ವ, ಬಾಳಾ ಸವೆಸ್ಬೇಕಾಯ್ತದೆ. ಅವ್ರು ಮಸೆದಿದ್ದು ಒಂಚೂರೂ ಉಳಿಯಕಿಲ್ಲ."

ಸಾಕಮ್ಮ ಗಂಡನ ಚಾಕನ್ನು ಕೈಗೆತ್ತಿಕೊಂಡಳು. ಬಿಡಿಸಿದಳು. ಅಲಗಿನ ಬಾಗಿದ ಜಾಗದ ಮೇಲೆ ಬೆರಳಾಡಿಸಿ, "ಬ್ಯಾಡ ಬುಡಿ," ಅಂದಳು. ಎದ್ದು ಚಪ್ಪರಕ್ಕೆ ಹೋಗಿ ತುಂಬಿದ ಕಡ್ಡಿಯ ಕೊನೆಯ ಗಂಟು ಹಾಕಿ ಅದೇ ಚಾಕಿನಲ್ಲಿ ದಾರ ಕತ್ತರಿಸಲು ನೋಡಿದಳು. ಒಂದು ಸಲ ಎಳೆದಳು, ಎರಡು ಸಲ ಎಳೆದಳು. ಮೂರನೆಯ ಸಲಕ್ಕೆ ದಾರ ಎಳೆಎಳೆಯಾಗಿ ಬಿಚ್ಚಿಕೊಂಡು ಹರಿಯಿತು. ಪಕ್ಕದಲ್ಲಿ ಕೂತಿದ್ದ ಸುಂದ್ರಮ್ಮ ಎಂಬಾಕೆ, "ಮತ್ತೆ ಅದ್ನೇ ತಗಂಡಾ ಅಕ್ಕಾ?" ಅಂದಳು.

ಸಾಕಮ್ಮ ತಿರುಗಿ ಬಂದಳು. "ಮಾಡ್ಕೊಡಿ," ಅಂದಳು. "ಕಲ್ಲು ತೊಟ್ಟಿ ತಾವ ಅದೆ."

ಕಲ್ಲು ಕೂಡ ಮಹದೇವಪ್ಪನದೇ. ಅದು ಎಡಗೈಗೆ ಹೊಂದುವಂತೆ ಒಂದು ಕಡೆಗೆ ಇಳಿಜಾರಾಗಿ ಸವೆದಿತ್ತು. ಸಣ್ಣಬೀರಯ್ಯ ಈ ಬದಿಗೆ ಕೂತು ನೋಡಿದ, ಅಲಗು ನಿಲ್ಲಲಿಲ್ಲ. ಸುತ್ತಿ ಹೋಗಿ ಆ ಬದಿಗೆ, ಗೋಡೆಗೆ ಬೆನ್ನು ಕೊಟ್ಟು ಕೂತ ಮೇಲೆ ಸರಿಹೋಯಿತು. ನೀರು ಚಿಮುಕಿಸಿ ಮಸೆಯತೊಡಗಿದ. ಕಪ್ಪನೆಯ ನೀರು ಕಲ್ಲಿನಿಂದ ಇಳಿದು ಮಣ್ಣಿಗೆ ಸೇರುತ್ತಿತ್ತು.

ಅರ್ಧ ಗಂಟೆ ಕಳೆಯುವುದರೊಳಗೆ ಅವನಿಗೆ ಕಸಿವಿಸಿಯಾಯಿತು. ಕಬ್ಬಿಣ ಗಟ್ಟಿಯದು, ಒಳ್ಳೆಯದು. ದಿನಾ ಬೆಳಿಗ್ಗೆ ಒಬ್ಬ ಮನುಷ್ಯ ಇದೇ ತೊಟ್ಟಿಯ ಪಕ್ಕ ಕೂತು ಹತ್ತು ಇಪ್ಪತ್ತು ಸಲ ಕೈಯಾಡಿಸಿ ತನಗೆ ಬೇಕಾದಂತೆ ಮಾಡಿಕೊಂಡದ್ದು ಇದು. ಮೂವತ್ತು ವರ್ಷ ಹೀಗೆ ಮಾಡಿರಬೇಕು. ಅದನ್ನು ತಾನೊಬ್ಬ ಅಪರಿಚಿತ ಒಂದು ಮಧ್ಯಾಹ್ನದಲ್ಲಿ ಅಳಿಸುತ್ತಿದ್ದೇನೆ ಅನ್ನಿಸಿತು. ಕಣ್ಣಿಗೆ ಕಾಣದವನನ್ನು ಬರಿಯ ಸವೆತದಿಂದ ಗುರುತು ಹಿಡಿದು ಬಂದವನೂ ತಾನೇ, ಆ ಗುರುತನ್ನು ಉಜ್ಜಿ ತೆಗೆಯುತ್ತಿರುವವನೂ ತಾನೇ. ಅವನ ಕೈ ನಿಂತಿತು.

ಚಪ್ಪರದಿಂದ ಸಾಕಮ್ಮ ಕೂಗಿದಳು. "ಯಾಕಣ್ಣ ನಿಲ್ಲುಸ್ದ್ರಿ?"

"ಏನಿಲ್ಲ. ಕೈ ಸೋತೋಯ್ತು ವಸಿ."

ಅವಳು ಬಂದು ಅವನೆದುರು ಕುಕ್ಕರುಗಾಲಲ್ಲಿ ಕೂತಳು. "ಆ ಸದ್ದು ಕೇಳಿ ಬಾಳ ದಿನ ಆಗಿತ್ತು," ಅಂದಳು. "ಬೆಳಿಗ್ಗೆ ಅವ್ರು ಚಾಕು ಮಸೆಯೋ ಸದ್ಗೇ ನಾನು ಏಳ್ತಿದ್ದದ್ದು." ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. "ನೀವು ಅಳುಕ್ಬ್ಯಾಡಿ. ಅವ್ರು ಅವ್ರ ಕೈಗೆ ಮಾಡ್ಕಂಡಿದ್ರು. ನಾನು ನನ್ ಕೈಗೆ ಮಾಡ್ಕಬೇಕಲ್ಲ. ಸೊಪ್ಪು ಕಾಯಕಿಲ್ಲ. ಮಸೀರಿ."

ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ಅಲಗು ಕಿರುಬೆರಳಿಗಿಂತ ಸಣ್ಣಗಾಗಿತ್ತು. ಸಾಕಮ್ಮ ಚಪ್ಪರಕ್ಕೆ ಒಯ್ದು ದಾರಕ್ಕೆ ಹಚ್ಚಿದಳು. ಟಕ್ಕನೆ ತುಂಡಾಯಿತು. ಇನ್ನೊಂದು ಕಡ್ಡಿ ಎಳೆದುಕೊಂಡಳು, ಅದರದ್ದೂ ತುಂಡಾಯಿತು. ಸುಂದ್ರಮ್ಮ ನಕ್ಕಳು. ಸಾಕಮ್ಮನೂ ನಕ್ಕಳು, ಆಮೇಲೆ ಬ್ಯಾರನ್ನಿನ ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತಳು.

ಸಣ್ಣಬೀರಯ್ಯ ತನ್ನ ಚಾಕನ್ನು ಜೇಬಿಗೆ ಹಾಕಿಕೊಂಡು ಹೊರಟ. ಅವಳು ಅವನ ಫೋನ್ ನಂಬರ್ ಬರೆದುಕೊಂಡು, ಹೆಂಡತಿಯ ಹೆಸರು ಕೇಳಿ, ಅವಳಿಗೆಂದು ಒಂದು ಚೀಲದ ತುಂಬ ಹುರುಳಿ ಕೊಟ್ಟಳು. ಬೇಡವೆಂದರೂ ಬಿಡಲಿಲ್ಲ.

ಮೂರು ವಾರವಾಯಿತು. ಕುರಿಗಳ ಗೊರಸು ಒಣಗಿ, ನಾಲ್ಕು ಸರಿಯಾಗಿ ನಡೆಯುತ್ತಿದ್ದವು. ಒಂದು ಸತ್ತಿತ್ತು, ಇನ್ನೊಂದು ಈಗಲೂ ಕುಂಟುತ್ತಿತ್ತು. ಒಂದು ಸಂಜೆ ಹಿಂಡು ಹೊಡೆದುಕೊಂಡು ಬರುವಾಗ ಫೋನು ಬಂತು. ಸಾಕಮ್ಮ.

"ಚಾಕು ತುಂಡಾಯ್ತು ಕಣಣ್ಣ," ಅಂದಳು.

ಸಣ್ಣಬೀರಯ್ಯ ದಾರಿಯಲ್ಲೇ ನಿಂತ. ಕುರಿಗಳು ಮುಂದೆ ಹೋದವು. "ನಾನೇ ತೆಳ್ಳಗೆ ಮಾಡ್ಬುಟ್ಟೆ ಕಣವ್ವ. ಅಷ್ಟು ಮಸೀಬಾರ್ದಾಗಿತ್ತು. ನನ್ ತಪ್ಪು."

"ತಪ್ಪು ಗಿಪ್ಪು ಅನ್ಬ್ಯಾಡಿ. ಅದುನ್ನ ಏಳಕೆ ಪೋನ್ ಮಾಡಿದ್ದಲ್ಲ." ಆ ಕಡೆಯಿಂದ ಹೆಂಗಸರ ಮಾತು, ಕಡ್ಡಿಗಳ ಸದ್ದು ಕೇಳುತ್ತಿತ್ತು. "ಮೂರು ವಾರ ನನ್ ಕೈಲಿ ಕೆಲ್ಸ ಮಾಡ್ತು. ಅಷ್ಟು ದಿನ ನಂದಾಗಿತ್ತು. ತುಂಡಾದಾಗ ಅಳು ಬತ್ತದೆ ಅನ್ಕಂಡೆ, ಬರ್ಲಿಲ್ಲ. ಅದ್ಕೇ ಯಾರ್ಗಾದ್ರೂ ಏಳಣ ಅನ್ನುಸ್ತು. ನಿಮ್ಗಲ್ದೆ ಇನ್ಯಾರ್ಗೆ ಏಳ್ಲಿ?"

ಅವನು ಕೇಳಿದ. "ಈಗ ಯಾವ್ದ್ರಲ್ಲಿ ಕುಯ್ತಿದ್ದೀಯ?"

"ಸಂತೇಲಿ ಒಸಾದು ತಂದೆ. ಕೆಂಪು ಪ್ಲಾಸ್ಟಿಕ್ ಇಡಿ. ಇನ್ನೂ ಕೈಗೆ ಬಂದಿಲ್ಲ."

"ಮೊದಲ್ನೆ ವಾರ ದಿನಾ ಮಸಿ. ಬಲಗಡೆ ಓರೆ ಇರ್ಲಿ."

"ಊಂ. ಅವ್ರ ಕಲ್ಲಲ್ಲಿ ನೀವು ಕೂತಿದ್ರಲ್ಲ, ಆ ಮಗ್ಗುಲಲ್ಲೇ ಕೂತ್ಕತೀನಿ." ಯಾರೋ ಅವಳನ್ನು ಕೂಗಿದರು. "ಇರಿ ಇರಿ, ಬ್ಯಾರನ್ನಿಂದ ಮೂರ್ನೆ ಸುತ್ತಿನ ಸೊಪ್ಪು ಇಳುಸ್ತಾವ್ರೆ. ಈ ಸತಿ ಸೊಪ್ಪಿಗೆ ಬಣ್ಣ ಚೆನ್ನಾಗಿ ಬಂದದೆ, ನಿಂಬೆಅಣ್ಣಿನಂಗೆ. ರಾಮಮ್ಮೋರ್ನ ಕರ್ಕಂಡು ಒಂದಿನ ಬನ್ನಿ."

ಫೋನು ಜೇಬಿಗಿಳಿಸಿ ಸಣ್ಣಬೀರಯ್ಯ ನೋಡಿದರೆ ಹಿಂಡು ಆಗಲೇ ಸಣ್ಣ ಸೇತುವೆ ದಾಟಿತ್ತು. ಕುಂಟುವ ಕುರಿಯೊಂದು ಮಾತ್ರ ಹಿಂದೆ ಉಳಿದು ಬದುವಿನ ಹುಲ್ಲಿಗೆ ಬಾಯಿ ಹಾಕಿತ್ತು. ಅವನು ಹೋಗಿ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೇಗಬೇಗ ನಡೆದ.